ಬರ್ಗರ್ ಅಂಗಡಿಯಲ್ಲಿ ಡೇರಿ ಸೆಕ್ರೆಟರಿ

ದನದ ಮಾಂಸ ಹಾಗಿರಲಿ, ಕೋಳಿಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆಯವರು ಬರ್ಗರ್ ಅಂಗಡಿಗೆ ಯಾಕಪ್ಪಾ ಹೋಗ್ತೀರಿ ಅಂತ ಊರಿನ ನೆಂಟರು ಕೇಳುತ್ತಾರೆ. ನಾವಿರುವ ಕಡೆ ಇದಕ್ಕೆ ಉತ್ತರ ಒಂದೇ: ಮಕ್ಕಳು ಎಳೆದುಕೊಂಡು ಹೋಗುತ್ತವೆ. ಶಾಲೆಯ ವಾಲಿಬಾಲ್ ಮ್ಯಾಚ್ ಮುಗಿದ ರಾತ್ರಿ, ಗೆದ್ದಿರಲಿ ಸೋತಿರಲಿ, ಇಡೀ ಟೀಮು ನುಗ್ಗುವುದು ಬರ್ಗರ್ ಮತ್ತು ಮಿಲ್ಕ್‌ಶೇಕ್ ಸಿಗುವ ಜಾಗಕ್ಕೆ. ನಾವು ದೊಡ್ಡವರು ಕಾರಿನ ಕೀ ಹಿಡಿದುಕೊಂಡು ಹಿಂದಿನ ಟೇಬಲ್ಲಿನಲ್ಲಿ ಕೂರುತ್ತೇವೆ. ಸುಮ್ಮನೆ ಕೂತರೆ ಚೆನ್ನಾಗಿರಲ್ಲ ಅಂತ ಏನಾದರೂ ತರಿಸುತ್ತೇವೆ. ಹಾಗೆ ಶುರುವಾದದ್ದು ಈಗ ಮ್ಯಾಚ್ ಇಲ್ಲದ ದಿನವೂ ನಡೆಯುತ್ತದೆ. ನಿಜ ಹೇಳಬೇಕೆಂದರೆ ನನಗೆ ಆ ಜಾಗಗಳು ಇಷ್ಟ. ಕೆಂಪು ರೆಕ್ಸಿನ್ ಸೀಟು, ಮೇಜಿನ ಮೇಲೆ ಕೆಚಪ್ ಬಾಟಲಿ, ಯಾರೂ ಯಾರ ಬಟ್ಟೆಯನ್ನೂ ನೋಡದ ವಾತಾವರಣ. ಹೊಲದಿಂದ ನೇರ ಬಂದ ರೈತನೂ ಟೈ ಕಟ್ಟಿದ ಮ್ಯಾನೇಜರೂ ಪಕ್ಕಪಕ್ಕದಲ್ಲಿ ಕೂತು ಅದನ್ನೇ ತಿನ್ನುತ್ತಿರುತ್ತಾರೆ.

ಊರು ಬ್ಲೂಮಿಂಗ್ಟನ್-ನಾರ್ಮಲ್. ಇಲಿನಾಯ್ ರಾಜ್ಯದ ನಡುಮಧ್ಯೆ, ಶಿಕಾಗೋದಿಂದ ಕಾರಿನಲ್ಲಿ ಎರಡು, ಎರಡೂವರೆ ಗಂಟೆ ದಾರಿ. ಅಂಟಿಕೊಂಡೇ ಇರುವ ಅವಳಿ ಊರುಗಳು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಕಾರು ಓಡಿಸುವವನಿಗೆ ಗೊತ್ತಾಗಲ್ಲ. ಸುತ್ತ ಕಣ್ಣು ಹಾಯುವಷ್ಟೂ ಮುಸುಕಿನ ಜೋಳ ಮತ್ತು ಸೋಯಾ. 1922ರಲ್ಲಿ ರೈತರ ಕಾರುಗಳಿಗೆ ವಿಮೆ ಮಾಡಲು ಇಲ್ಲಿ ಹುಟ್ಟಿದ ಸ್ಟೇಟ್ ಫಾರ್ಮ್ ಕಂಪನಿ ಇವತ್ತು ದೇಶದ ಅತಿ ದೊಡ್ಡ ವಿಮಾ ಕಂಪನಿಗಳಲ್ಲಿ ಒಂದು. ಅದರ ಕಂಪ್ಯೂಟರ್ ಕೆಲಸದ ನೆವದಲ್ಲಿ ಜೋಳದ ಹೊಲದ ನಡುವೆ ನಮ್ಮವರು ಬಂದು ನೆಲೆಸಿದರು. ತೆಲುಗರು ಹೆಚ್ಚು, ಕನ್ನಡದವರೂ ಕಮ್ಮಿಯೇನಿಲ್ಲ. ಒಂದು ದೇವಸ್ಥಾನ ಇದೆ, ಕರಿಬೇವು ಸಿಗುವ ಅಂಗಡಿ ಇದೆ, ಯುಗಾದಿಗೆ ಹೋಳಿಗೆ ಆಗುತ್ತದೆ. ಸಾಯಂಕಾಲ ಹೊರಗೆ ತಿನ್ನಬೇಕು ಅನ್ನಿಸಿದರೆ ಮಾತ್ರ ಬರ್ಗರೇ ಗತಿ.

ಈ ಊರಿಗೂ ಬರ್ಗರಿಗೂ ಹಳೇ ನಂಟಿದೆ. 1934ರಲ್ಲಿ ಗಸ್ ಬೆಲ್ಟ್ ಎಂಬಾತ ನಾರ್ಮಲ್‌ನಲ್ಲಿ ತನ್ನ ಪೆಟ್ರೋಲ್ ಬಂಕಿನ ಜಾಗವನ್ನೇ ತಿರುಗಿಸಿ ಸ್ಟೇಕ್ ಎನ್ ಶೇಕ್ ಎಂಬ ಅಂಗಡಿ ತೆರೆದ. ಆ ಕಾಲದಲ್ಲಿ ಕೈಮಾ ಮಾಡಿದ ಮಾಂಸ ಎಂದರೆ ಜನರಿಗೆ ಅನುಮಾನ. ಏನೇನು ಕಸಕಡ್ಡಿ ಸೇರಿಸಿ ಅರೆದಿರುತ್ತಾರೋ ಅನ್ನುವ ಅನುಮಾನ. ಬೆಲ್ಟ್ ಸ್ಟೇಕ್ ಅನ್ನುವ ಒಳ್ಳೇ ದನದ ಮಾಂಸದ ತುಂಡುಗಳ ಪೀಪಾಯಿಯನ್ನೇ ಗಿರಾಕಿಗಳ ಎದುರಿಗೆ ತರಿಸಿ, ಅವರ ಕಣ್ಣೆದುರೇ ಅರೆಸುತ್ತಿದ್ದನಂತೆ. ಕಣ್ಣಿಗೆ ಕಾಣುತ್ತಿದೆ ಅಂದಮೇಲೆ ಸರಿಯಾಗೇ ಇರಬೇಕು ಎಂಬ ಅರ್ಥದ ಘೋಷಣೆ ಅಂಗಡಿಯ ಗೋಡೆ ಮೇಲಿತ್ತು. 1954ರಲ್ಲಿ ಅವನು ತೀರಿಕೊಂಡ ಮೇಲೆ ಹೆಂಡತಿ ಈಡಿತ್ ವ್ಯಾಪಾರ ನಡೆಸಿದಳು. ರೂಟ್ 66 ಹೆದ್ದಾರಿ ಇದೇ ಊರಿನ ಮೇಲೆ ಹಾದುಹೋಗುತ್ತಿದ್ದರಿಂದ ಶಿಕಾಗೋದವರೂ ಸೇಂಟ್ ಲೂಯಿಸ್‌ನವರೂ ದಾರಿಯಲ್ಲಿ ನಿಲ್ಲಿಸಿ ತಿಂದು ಹೋಗುತ್ತಿದ್ದರು.

ಆ ಹೆಸರಿನ ಅರ್ಧ ಸ್ಟೇಕ್, ಇನ್ನರ್ಧ ಶೇಕ್ ಅನ್ನೋದನ್ನ ಗಮನಿಸಿ. ಬರ್ಗರ್ ಪಕ್ಕದಲ್ಲಿ ಹಾಲು ಯಾಕೆ ಬಂತು ಅನ್ನೋದು ನನಗೆ ಬಹಳ ದಿನ ಹೊಳೆಯದ ಪ್ರಶ್ನೆ. ನಮ್ಮಲ್ಲಿ ಖಾರದ ತಿಂಡಿಯ ಮೇಲೆ ಕಾಫಿ ಕುಡಿಯುತ್ತೇವೆಯೇ ಹೊರತು ಐಸ್‌ಕ್ರೀಂ ಕಲಸಿದ ಹಾಲು ಕುಡಿಯಲ್ಲ. ಒಂದು ಕಾರಣ ಪಾನನಿಷೇಧ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಮದ್ಯ ಬಂದ್ ಆಗಿದ್ದಾಗ ಜನ ಸಂಜೆ ಹೊತ್ತು ಕೂರಲು ಬೇರೆ ಜಾಗ ಹುಡುಕಿದರು. ಔಷಧಿ ಅಂಗಡಿಗಳಲ್ಲೇ ಇರುತ್ತಿದ್ದ ಸೋಡಾ ಕೌಂಟರುಗಳು ಆಗ ತುಂಬಿ ತುಳುಕಿದವು. ಮದ್ಯದ ಕೌಂಟರಿನ ಎತ್ತರದ ಸ್ಟೂಲುಗಳಲ್ಲಿ ಕೂರುತ್ತಿದ್ದವರೇ ಇಲ್ಲಿ ಕೂತು ಹಾಲು, ಸಿರಪ್, ಐಸ್‌ಕ್ರೀಂ ಹೀರತೊಡಗಿದರು. ಅದೇ ಕೌಂಟರಿನ ಹಿಂದೆ ಕಾವಲಿ ಕಾಯಿಸಿಟ್ಟರೆ ಊಟವೂ ಆಯಿತು.

ಇನ್ನೊಂದು ಕಾರಣ ಯಂತ್ರ. ಇದು ನನಗೆ ಬಹಳ ಖುಷಿ ಕೊಡುವ ಕಥೆ, ಯಾಕೆಂದರೆ ಜಗತ್ತಿನ ಅತಿ ದೊಡ್ಡ ಬರ್ಗರ್ ಕಂಪನಿಯ ಬೇರು ಬರ್ಗರಿನಲ್ಲಿಲ್ಲ, ಮಿಲ್ಕ್‌ಶೇಕಿನಲ್ಲಿದೆ. ಶಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ ಹುಟ್ಟಿದ ರೇ ಕ್ರಾಕ್ ಮಲ್ಟಿಮಿಕ್ಸರ್ ಎಂಬ ಯಂತ್ರ ಮಾರುತ್ತಿದ್ದ. ಅದಕ್ಕೆ ಐದು ಕಡ್ಡಿ. ಒಂದೇ ಸಲಕ್ಕೆ ಐದು ಲೋಟ ಮಿಲ್ಕ್‌ಶೇಕ್ ಕಡೆಯುತ್ತಿತ್ತು. 1954ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋದ ಒಂದೇ ಒಂದು ಅಂಗಡಿ ಅಂಥ ಎಂಟು ಯಂತ್ರ ಇಟ್ಟುಕೊಂಡಿದೆ ಅಂತ ತಿಳಿದು ಅವನಿಗೆ ಆಶ್ಚರ್ಯ. ಹಾಗಾದರೆ ಒಂದೇ ಹೊತ್ತಿಗೆ ನಲವತ್ತು ಮಿಲ್ಕ್‌ಶೇಕ್ ಕೇಳುವ ಜನ ಅಲ್ಲಿ ಬರ್ತಾರೆ ಅಂತಾಯ್ತಲ್ಲ! ನೋಡಿಕೊಂಡು ಬರಲು ಹೋದ. ಅದು ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರ ಅಂಗಡಿ. 1955ರ ಏಪ್ರಿಲ್ 15ರಂದು ಇದೇ ಇಲಿನಾಯ್‌ನ ಡೆಸ್ ಪ್ಲೇನ್ಸ್‌ನಲ್ಲಿ ಕ್ರಾಕ್ ಅದರ ಹೆಸರಿನಲ್ಲಿ ತನ್ನ ಅಂಗಡಿ ತೆರೆದ. ಮುಂದಿನದು ಎಲ್ಲರಿಗೂ ಗೊತ್ತು.

ಇಂಥ ಜಾಗದಲ್ಲಿ ಸಸ್ಯಾಹಾರಿಯ ಪಾಡು ಹೇಳುತ್ತೇನೆ. ‘ಪ್ಯಾಟಿ ಬೇಡ, ಮಿಕ್ಕಿದ್ದೆಲ್ಲ ಇರಲಿ’ ಅಂತ ಹೇಳಿ, ಮಾಂಸದ ಬಿಲ್ಲೆ ಬಿಟ್ಟು ಬನ್ನಿನ ನಡುವೆ ಈರುಳ್ಳಿ, ಟೊಮೆಟೊ, ಚೀಸ್ ಇಟ್ಟುಕೊಂಡು ತಿನ್ನೋದು. ಇಲ್ಲವೇ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್. ಅದನ್ನು ಸುಡುವ ಕಾವಲಿಯೂ ಮಾಂಸ ಸುಡುವ ಕಾವಲಿಯೂ ಒಂದೇನಾ ಅಂತ ನನ್ನ ಹೆಂಡತಿ ಮೊದಮೊದಲು ಕೇಳುತ್ತಿದ್ದಳು, ಈಗ ಕೇಳೋದು ಬಿಟ್ಟಿದ್ದಾಳೆ. ಈಚೆಗೆ ಬಟಾಣಿ, ಸೋಯಾಗಳಿಂದ ಮಾಡಿದ ಪ್ಯಾಟಿಗಳೂ ಬಂದಿವೆ. ಇಂಪಾಸಿಬಲ್, ಬಿಯಾಂಡ್ ಅಂತ. ರಕ್ತ ಒಸರಿದಂತೆ ಕಾಣಲಿ ಅಂತ ಅವುಗಳಿಗೆ ಬಣ್ಣವನ್ನೂ ಕೊಡುತ್ತಾರೆ. ನನಗೆ ಅದರ ತಲೆಬುಡ ಅರ್ಥವಾಗಲಿಲ್ಲ. ಮಾಂಸ ಬಿಡಬೇಕು ಅನ್ನುವವರಿಗೆ ಅದು ಸರಿ. ಯಾವತ್ತೂ ತಿನ್ನದವನಿಗೆ ಮಾಂಸದ ನಕಲು ತಿನ್ನಿಸಿ ಏನುಪಯೋಗ? ಬೆಂಗಳೂರಿನಲ್ಲಿರುವ ಅಕ್ಕನ ಮಕ್ಕಳಿಗೆ ಈ ರಗಳೆಯೇ ಇಲ್ಲ. 1996ರಲ್ಲಿ ಮೆಕ್‌ಡೊನಾಲ್ಡ್ಸ್ ದಿಲ್ಲಿಗೆ ಬಂದಾಗ ದನ, ಹಂದಿ ಎರಡನ್ನೂ ಹೊರಗಿಟ್ಟೇ ಬಂತು. ಅವರು ಆಲೂಗಡ್ಡೆ ಪ್ಯಾಟಿ ತಿಂದೇ ಬೆಳೆದವರು. ಬರ್ಗರ್ ಅಂದರೆ ಬೋಂಡಾ ಇಟ್ಟ ಬನ್ನು ಅಂತಲೇ ಅವರ ಲೆಕ್ಕ.

ಉಳಿದದ್ದು ಫ್ರೈಸ್. ಆಲೂಗಡ್ಡೆ, ಉಪ್ಪು, ಎಣ್ಣೆ. ಇದರಲ್ಲಿ ಏನಿದೆ ದೋಷ ಅಂತ ಅಂದುಕೊಂಡರೆ, ದೊಡ್ಡ ಕಥೆಯೇ ಇದೆ. ಅಮೆರಿಕದ ಫ್ರೈಸ್ ಬಹುಕಾಲ ಕರಿದದ್ದು ದನದ ಕೊಬ್ಬಿನಲ್ಲಿ. ಒಮಾಹಾದ ಫಿಲ್ ಸೊಕೊಲಾಫ್ ಎಂಬ ವ್ಯಾಪಾರಿ ನಲವತ್ತಮೂರಕ್ಕೇ ಹೃದಯಾಘಾತವಾಗಿ ಬದುಕುಳಿದವನು, ತನ್ನ ಸ್ವಂತ ದುಡ್ಡು ಸುರಿದು ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಇದರ ವಿರುದ್ಧ ಗುಲ್ಲೆಬ್ಬಿಸಿದ. 1990ರಲ್ಲಿ ಮೆಕ್‌ಡೊನಾಲ್ಡ್ಸ್ ಪೂರ್ತಿ ಸಸ್ಯದ ಎಣ್ಣೆಗೆ ಬಂತು. ಇಲ್ಲಿನ ಹಿಂದೂಗಳು, ಜೈನರು ನೆಮ್ಮದಿಯಾಗಿ ತಿಂದರು. ಆದರೆ ಹಳೇ ರುಚಿ ಕೈತಪ್ಪಬಾರದು ಅಂತ ಆಲೂಗಡ್ಡೆಗೆ ದನದ ಮಾಂಸದಿಂದ ತೆಗೆದ ಸ್ವಾದ ಸೇರುತ್ತಿತ್ತು ಅನ್ನೋದು ಆಮೇಲೆ ಹೊರಬಿತ್ತು. 2001ರಲ್ಲಿ ಸಿಯಾಟಲ್‌ನಲ್ಲಿ ಭಾರತೀಯ ಮೂಲದ ವಕೀಲರೊಬ್ಬರು ದಾವೆ ಹೂಡಿದರು. ಅದೇ ಸುದ್ದಿಗೆ ಮುಂಬಯಿ ಕಡೆ ಅಂಗಡಿಯ ಗಾಜು ಒಡೆದರು. ಭಾರತದ ಫ್ರೈಸ್‌ನಲ್ಲಿ ಅದು ಇರಲೇ ಇಲ್ಲ ಅನ್ನೋದು ಬೇರೆ ಮಾತು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, ಸಸ್ಯಾಹಾರಿ ಮತ್ತು ಹಿಂದೂ ಸಂಘಸಂಸ್ಥೆಗಳೂ ಸೇರಿದಂತೆ ಹಲವರಿಗೆ ಒಟ್ಟು 1 ಕೋಟಿ ಡಾಲರ್ ಕೊಡಲು ಒಪ್ಪಿತು.

ಈಗ ಚಕ್ರ ಒಂದು ಸುತ್ತು ಬಂದಿದೆ. ಬೀಜದೆಣ್ಣೆಗಳೇ ಕೆಟ್ಟವು, ಹಳೇ ಕೊಬ್ಬೇ ಒಳ್ಳೇದು ಅನ್ನುವ ಮಾತು ಈ ದೇಶದಲ್ಲಿ ಜೋರಾಗಿದೆ. 2025ರ ಆರಂಭದಲ್ಲಿ ಸ್ಟೇಕ್ ಎನ್ ಶೇಕ್ ತನ್ನ ಫ್ರೈಸನ್ನು ದನದ ಕೊಬ್ಬಿನಲ್ಲೇ ಕರಿಯುವುದಾಗಿ ಹೇಳಿ, ಅದನ್ನೇ ಹೆಮ್ಮೆಯಿಂದ ಪ್ರಚಾರವೂ ಮಾಡಿತು. ಮುಚ್ಚಿಡದೆ ಹೇಳಿದ್ದು ಒಳ್ಳೇದೇ ಆಯಿತು, ನಮಗೆ ದಾರಿ ತಿಳಿಯಿತು. ಆದರೆ ಸೋಯಾ ಬೆಳೆಯುವ ಹೊಲಗಳ ನಡುವೆ ಹುಟ್ಟಿದ ಅಂಗಡಿ ಸೋಯಾ ಎಣ್ಣೆಯಂಥದ್ದಕ್ಕೆ ಬೆನ್ನು ತಿರುಗಿಸಿತಲ್ಲ ಅಂತ ಕೆಲಸದಲ್ಲಿ ಪಕ್ಕದಲ್ಲಿ ಕೂರುವ ರೈತನ ಮಗ ನಕ್ಕ. ಅಲ್ಲಿಗೆ ಬನ್ನು ಒಂದು ಕಡೆ, ಫ್ರೈಸ್ ಇನ್ನೊಂದು ಕಡೆ ಜಾರಿ, ನಮ್ಮ ಪಾಲಿಗೆ ಉಳಿದದ್ದು ಮಿಲ್ಕ್‌ಶೇಕ್. ಅದರಲ್ಲೂ ನೋಡಿ ಕುಡಿಯಬೇಕು. ಫ್ರೋಜನ್ ಕಸ್ಟರ್ಡ್ ಅಂತ ಬರೆದಿದ್ದರೆ ಅದರಲ್ಲಿ ಮೊಟ್ಟೆಯ ಹಳದಿಯ ಘನಾಂಶ ಶೇ. 1.4ರಷ್ಟಾದರೂ ಇರಲೇಬೇಕು ಅಂತ ಇಲ್ಲಿನ ಕಾನೂನೇ ಇದೆ. ನಮ್ಮ ದೇಶದ ಪೊಟ್ಟಣಗಳ ಹಸಿರು ಚುಕ್ಕೆ ಎಂಥ ಉಪಕಾರ ಅನ್ನೋದು ಇಲ್ಲಿಗೆ ಬಂದವರಿಗೇ ಗೊತ್ತು.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಅಪ್ಪ ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಸೆಕ್ರೆಟರಿ ಆಗಿದ್ದವರು. ಈಗಿನ ಹಾಗೆ ಗುಂಡಿ ಒತ್ತಿದರೆ ಹಾಲಿನ ಫ್ಯಾಟು, ಅಂದರೆ ಕೊಬ್ಬಿನಂಶ, ತೋರಿಸುವ ಮೆಷಿನ್ ಬರುವ ಮುಂಚೆ ಎಲ್ಲ ಕೈಯಲ್ಲೇ ಆಗಬೇಕಿತ್ತು. ಗಾಜಿನ ಬ್ಯುಟಿರೋಮೀಟರಿಗೆ ಗಂಧಕಾಮ್ಲ ಹಾಕಿ, ಹಾಲು ಹಾಕಿ, ಅಮೈಲ್ ಆಲ್ಕೋಹಾಲ್ ಬಿಟ್ಟು, ರಬ್ಬರ್ ಬಿರಡೆ ಜಡಿದು ಗಿರಗಿರ ತಿರುಗಿಸಿ ಕೊನೆಗೆ ಗೀಟು ನೋಡಿ ಫ್ಯಾಟು ಓದಬೇಕು. ಅವರ ಅಂಗಿಗಳಲ್ಲಿ ಆಸಿಡ್ ಹಾರಿ ಬಿದ್ದ ಸಣ್ಣ ಸಣ್ಣ ತೂತುಗಳಿರುತ್ತಿದ್ದವು. ಹಾಲಿನ ವಿಷಯದಲ್ಲಿ ಅವರು ಯಾರ ಮಾತನ್ನೂ ನಂಬುವವರಲ್ಲ. ಇಲ್ಲಿಗೆ ಬಂದ ಮರುದಿನವೇ ಫ್ರಿಜ್ ಬಾಗಿಲು ತೆಗೆದು, ಕೆಂಪು ಮುಚ್ಚಳದ ಗ್ಯಾಲನ್ ಕ್ಯಾನು ಎತ್ತಿ ಬೆಳಕಿಗೆ ಹಿಡಿದು ನೋಡಿ, ‘ಎಷ್ಟು ಫ್ಯಾಟು?’ ಅಂದರು. ಮೂರೂಕಾಲು ಅಂದೆ. ‘ನಮ್ಮ ನೀಲಿ ಪ್ಯಾಕೆಟ್ಟಿಗಿಂತ ಕಾಲು ಜಾಸ್ತಿ. ಹೂಂ, ಪರವಾಗಿಲ್ಲ’ ಅಂದು ಕಾಫಿಗಿಟ್ಟರು.

ಅಪ್ಪನನ್ನು ಎಲ್ಲಿಗೆ ಕರಕೊಂಡು ಹೋಗೋದು ಅನ್ನುವ ಚರ್ಚೆಯಲ್ಲಿ ಬರ್ಗರ್ ಅಂಗಡಿ ಬರಲೇ ಇಲ್ಲ. ಶಿಕಾಗೋ ಆಯಿತು, ಲಿಂಕನ್ನರ ಮನೆ ನೋಡಲು ಸ್ಪ್ರಿಂಗ್‌ಫೀಲ್ಡ್ ಆಯಿತು. ಕೊನೆಗೆ ಮಗಳೇ ಪಟ್ಟು ಹಿಡಿದಳು. ‘ತಾತ ಮಿಲ್ಕ್ ಎಕ್ಸ್‌ಪರ್ಟ್ ಅಲ್ವಾ, ಮಿಲ್ಕ್‌ಶೇಕ್ ಕುಡೀಬೇಕು.’ ಹೊಸ ಅಂಗಡಿಗಳಲ್ಲಿ ಗೋಡೆಗೆ ಅಂಟಿಸಿದ ಪರದೆ ಮುಟ್ಟಿ ಆರ್ಡರ್ ಮಾಡಬೇಕು. ಸ್ಟೇಕ್ ಎನ್ ಶೇಕ್ ಕೂಡ 2021ರ ಹೊತ್ತಿಗೆ ಪಿಂಗಾಣಿ ತಟ್ಟೆಯಲ್ಲಿ ಬಡಿಸುವುದನ್ನು ನಿಲ್ಲಿಸಿ ಅದಕ್ಕೇ ಬಂದಿತು. ಅಪ್ಪನಿಗೆ ಮನುಷ್ಯರು ಕಾಣಬೇಕು. ಹಾಗಾಗಿ ರೂಟ್ 66ರ ಬದಿಯ ಸಣ್ಣ ಊರೊಂದರ ಹಳೇ ಅಂಗಡಿಗೆ ಹೋದೆವು. ಒಂದೇ ಉದ್ದನೆ ಕೌಂಟರು, ತಿರುಗುವ ಸ್ಟೂಲುಗಳು, ಎದುರಿಗೇ ಕಾವಲಿ.

ನಾವು ಕಾವಲಿಯ ಎದುರೇ ಕೂರಬೇಕಾಗಿ ಬಂತು, ಬೇರೆ ಜಾಗ ಇರಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ‘ಮಾವ, ಹೊರಗಡೆ ಬೆಂಚಿದೆ, ಅಲ್ಲಿ ಕೂರೋಣ್ವಾ?’ ಅಂದಳು. ಅಪ್ಪ ಆಗಲೇ ಸ್ಟೂಲಿನ ಮೇಲೆ ಕೂತು ಅರ್ಧ ಸುತ್ತು ತಿರುಗಿ ನೋಡುತ್ತಿದ್ದರು. ಕಾವಲಿಯ ಹಿಂದಿದ್ದವನು ಮಾಂಸದ ಉಂಡೆಯನ್ನು ಹಾಕಿ, ಮೇಲೊಂದು ಕಾಗದ ಇಟ್ಟು ಅಗಲದ ಕರಣೆಯಂಥದ್ದರಿಂದ ಬಲವಾಗಿ ಒತ್ತುತ್ತಿದ್ದ. ಉಂಡೆ ಹಪ್ಪಳದಷ್ಟು ಅಗಲ ಆಯಿತು. ಅಂಚು ಕಂದುಬಣ್ಣಕ್ಕೆ ತಿರುಗಿ ಸಣ್ಣ ಸಣ್ಣ ತೂತು ಬೀಳುತ್ತಿದ್ದಂತೆ ತಳಕ್ಕೆ ಕತ್ತಿ ಹಾಕಿ ಕೆರೆದು ಮಗುಚಿದ. ಅಂಟಿ ಸೀದ ಆ ಪದರವೇ ಇದರ ರುಚಿಯ ಗುಟ್ಟಂತೆ. ಅಪ್ಪನ ಕಣ್ಣು ಮಾಂಸದ ಮೇಲಿರಲಿಲ್ಲ, ಅವನ ಕೈ ಮೇಲಿತ್ತು. ‘ಕಾವಲಿ ಚೆನ್ನಾಗಿ ಪಳಗೈತೆ’ ಅಂದರು. ದೋಸೆ ಹೋಟೆಲಿನ ಕಾವಲಿಗೂ ಅವರು ಅದೇ ಸರ್ಟಿಫಿಕೇಟ್ ಕೊಡೋದು.

ಆಗ ಮಗಳು ಮೆಲ್ಲಗೆ ಕೇಳಿದಳು. ‘ತಾತ, ನಾನು ಬರ್ಗರ್ ತಗೊಂಡ್ರೆ ನಿಮಗೆ ಬೇಜಾರಾ?’

ಅವಳು ಸ್ನೇಹಿತೆಯರ ಜತೆ ತಿನ್ನುತ್ತಾಳೆ ಅನ್ನೋದು ನನಗೂ ಅವಳ ಅಮ್ಮನಿಗೂ ಗೊತ್ತು. ಗೊತ್ತಿಲ್ಲದಂತೆ ಇರೋದೂ ನಮಗೆ ಅಭ್ಯಾಸ. ಅಪ್ಪ ಸ್ಟೂಲು ತಿರುಗಿಸೋದು ನಿಲ್ಲಿಸಿದರು.

‘ಬೇಜಾರೇನೋ ಆಗ್ತದೆ ಕಣವ್ವ. ನನ್ನ ಎದುರಿಗೆ ಬ್ಯಾಡ. ನಾನಿಲ್ದಾಗ ಏನ್ ತಿಂತೀಯೋ ಅದು ನಿನಗೆ ಬಿಟ್ಟಿದ್ದು.’

ಅವಳು ಗ್ರಿಲ್ಡ್ ಚೀಸ್ ಹೇಳಿದಳು. ಯಾವ ತತ್ವದ ತಕ್ಕಡಿಯಲ್ಲಿಟ್ಟರೂ ತೂಗದ ಉತ್ತರ ಅದು. ತಪ್ಪಾದರೆ ಎದುರಿಗಿದ್ದರೂ ಹಿಂದಿದ್ದರೂ ತಪ್ಪೇ ಅಲ್ಲವಾ ಅಂತ ವಾದಿಸಬಹುದು. ಆದರೆ ನಮ್ಮ ವಂಶ ಇಷ್ಟು ತಲೆಮಾರು ಜಗಳವಿಲ್ಲದೆ ಬಂದದ್ದು ಇಂಥ ಉತ್ತರಗಳ ಮೇಲೇ ಅಂತ ನನಗೆ ಅನುಮಾನ.

ಮಿಲ್ಕ್‌ಶೇಕಿನ ಪಟ್ಟಿ ಓದುತ್ತಾ ಹೋದೆ. ವೆನಿಲಾ, ಚಾಕೊಲೇಟ್, ಸ್ಟ್ರಾಬೆರಿ. ಅದರ ಕೆಳಗೆ: ಬೇಕಾದವರಿಗೆ ಮಾಲ್ಟ್ ಸೇರಿಸಿ ಕೊಡಲಾಗುತ್ತದೆ. ಅಪ್ಪನಿಗೆ ಮಾಲ್ಟ್ ಹಾಕಿದ ವೆನಿಲಾ ಇರಲಿ ಅಂದೆ. ಕಾಲೇಜು ಹುಡುಗನೊಬ್ಬ ಎತ್ತರದ ಸ್ಟೀಲ್ ಲೋಟಕ್ಕೆ ಡಬ್ಬದಿಂದ ಐಸ್‌ಕ್ರೀಂ ಗೋರಿ ಹಾಕಿ, ಹಾಲು ಹೊಯ್ದು, ಗಾಜಿನ ಜಾಡಿಯಿಂದ ತಿಳಿಹಳದಿ ಪುಡಿಯನ್ನು ಚಮಚದಲ್ಲಿ ತುಂಬಿ ತುಂಬಿ ಸುರಿದ. ಲೋಟವನ್ನು ಹಸಿರು ಮೆಷಿನ್ನಿಗೆ ಸಿಕ್ಕಿಸಿದ. ಕಡ್ಡಿ ತಿರುಗುತ್ತಿದ್ದ ಹಾಗೆ ಲೋಟದ ಹೊರಮೈ ಬೆಳ್ಳಗೆ ಮಂಜುಗಟ್ಟುತ್ತಾ ಬಂತು. ಕೈಬೆರಳ ಗುರುತು ಮೂಡುವಷ್ಟು ಮಂಜು. ಎದುರಿಗೆ ಗಾಜಿನ ಲೋಟ ಇಟ್ಟು ಮುಕ್ಕಾಲು ಪಾಲು ಸುರಿದು, ಮಿಕ್ಕಿದ್ದನ್ನು ಆ ಸ್ಟೀಲ್ ಲೋಟದ ಸಮೇತ ಪಕ್ಕದಲ್ಲಿ ಇಟ್ಟುಹೋದ. ಹಳೇ ಕಾಲದ ಅಂಗಡಿಗಳ ರಿವಾಜು ಇದು. ಕಡೆದದ್ದಷ್ಟೂ ಗಿರಾಕಿಯದೇ.

‘ಎರಡಕ್ಕೂ ಬಿಲ್ ಹಾಕ್ತಾರೇನೋ?’ ಅಂದರು ಅಪ್ಪ. ಇಲ್ಲ, ಒಂದಕ್ಕೇ ಅಂದೆ. ‘ಹಂಗಾರೆ ಬೈಟು’ ಅಂತ ಸ್ಟೀಲ್ ಲೋಟವನ್ನು ಮೊಮ್ಮಗಳ ಕಡೆ ಸರಿಸಿದರು.

ಸ್ಟ್ರಾನಲ್ಲಿ ಹೀರಲು ಬರಲಿಲ್ಲ, ಅಷ್ಟು ಗಟ್ಟಿ. ಚಮಚ ಹಾಕಿ ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಹಾಗೇ ಕೂತು, ಇನ್ನೊಂದು ಚಮಚ ತೆಗೆದುಕೊಂಡರು.

‘ಲೋ, ಇದು ಹಾರ್ಲಿಕ್ಸ್ ಕಣೋ!’

ಸರಿಯಾಗೇ ಹೇಳಿದ್ದರು. ಇಂಗ್ಲೆಂಡಿನಿಂದ ಬಂದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಅಣ್ಣತಮ್ಮಂದಿರು 1873ರಲ್ಲಿ ಶಿಕಾಗೋದಲ್ಲಿ ಕಂಪನಿ ಶುರುಮಾಡಿ, ಆಮೇಲೆ ವಿಸ್ಕಾನ್ಸಿನ್‌ನ ರಸೀನ್‌ಗೆ ಹೋದರು. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ, ಗೋಧಿ ಹಿಟ್ಟು, ಹಾಲು ಸೇರಿಸಿ ಒಣಪುಡಿ ಮಾಡುವ ವಿಧಾನಕ್ಕೆ 1883ರಲ್ಲಿ ಪೇಟೆಂಟ್ ಪಡೆದರು. ಎಳೆ ಕೂಸುಗಳಿಗೆ, ಕಾಯಿಲೆಯವರಿಗೆ ಅಂತ ಮಾಡಿದ ಪುಡಿ ಅದು. ಕೆಡದೆ ಉಳಿಯುತ್ತಿದ್ದರಿಂದ ಧ್ರುವಪ್ರದೇಶಕ್ಕೆ ಹೋಗುವವರೂ ಹೊತ್ತೊಯ್ದರು. ಅಂಟಾರ್ಟಿಕಾದಲ್ಲಿ ಹಾರ್ಲಿಕ್ ಪರ್ವತಗಳು ಅಂತಲೇ ಇವೆ. ಅಮೆರಿಕದವರು ಕಾಯಿಲೆ ಇಲ್ಲದಿದ್ದರೂ ಅದನ್ನು ರುಚಿಗೆ ಕುಡಿಯತೊಡಗಿದರು. 1922ರಲ್ಲಿ ಶಿಕಾಗೋದ ವಾಲ್‌ಗ್ರೀನ್ಸ್ ಔಷಧಿ ಅಂಗಡಿಯ ಸೋಡಾ ಕೌಂಟರಿನಲ್ಲಿ ಐವರ್ ಕೋಲ್ಸನ್ ಎಂಬ ಕೆಲಸಗಾರ ಮಾಲ್ಟ್ ಹಾಲಿಗೆ ಐಸ್‌ಕ್ರೀಂ ಉಂಡೆ ಹಾಕಿ ಕಡೆದುಕೊಟ್ಟ, ಜನ ಸಾಲುಗಟ್ಟಿದರು ಅಂತ ಕಥೆ. ಈಗಿನ ಗಟ್ಟಿ ಮಿಲ್ಕ್‌ಶೇಕಿಗೆ ಅದೇ ಮೂಲ ಅನ್ನುತ್ತಾರೆ.

ಅದೇ ಪುಡಿ ನಮ್ಮ ಕಡೆ ಬಂದು ಬೇರೆಯೇ ಜೀವನ ನಡೆಸಿತು. ಪಂಜಾಬಿನ ನಾಭಾದಲ್ಲಿ 1960ರ ಹೊತ್ತಿಗೆ ಕಾರ್ಖಾನೆ ಆಯಿತು, ಎಮ್ಮೆ ಹಾಲಿಗೆ ಹೊಂದಿಸಿಕೊಂಡರು. ಹಾಸನದ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಅಮ್ಮನ ಚೀಲದಲ್ಲಿ ಮೂಸಂಬಿ, ಬ್ರೆಡ್ಡು, ಹಾರ್ಲಿಕ್ಸ್ ಬಾಟಲಿ ಮೂರೂ ಇರಲೇಬೇಕಿತ್ತು. ಬಾಣಂತಿಗೆ ಕೊಟ್ಟರು, ಪರೀಕ್ಷೆಗೆ ಓದುವವನಿಗೆ ಕೊಟ್ಟರು. ಖಾಲಿಯಾದ ಗಾಜಿನ ಬಾಟಲಿ ಸಕ್ಕರೆಗೆ, ಉಪ್ಪಿನಕಾಯಿಗೆ ಆಯಿತು. ಬಿಸಿ ಹಾಲಿನಲ್ಲಿ ಕಲಸಿದ ಕಾಯಿಲೆಯ ಮದ್ದೊಂದು ಈ ಕೌಂಟರಿನಲ್ಲಿ ತಣ್ಣಗೆ ನೊರೆಗಟ್ಟಿ ಮೋಜಿನ ಪಾನೀಯವಾಗಿ ಕೂತದ್ದು ಅಪ್ಪನಿಗೆ ಅರಗಲೇ ಇಲ್ಲ. ‘ಜ್ವರ ಬಂದಿಲ್ಲ, ಏನಿಲ್ಲ, ಸುಮ್‌ಸುಮ್ನೆ ಹಾರ್ಲಿಕ್ಸ್ ಕುಡಿತಾರಲ್ಲೋ’ ಅಂತ ನಗುತ್ತಲೇ ಇದ್ದರು. ಪೂರ್ತಿ ಕುಡಿದರು ಅನ್ನೋದನ್ನೂ ಹೇಳಬೇಕು.

ಲೋಟ ತಳ ಕಾಣುವ ಹೊತ್ತಿಗೆ ಅವರ ಕಣ್ಣು ಮತ್ತೆ ಕಾವಲಿಯತ್ತ ಹೋಯಿತು.

‘ಈ ಮಾಂಸ ಯಾವ ದನದ್ದು? ಬೇರೆ ಜಾತಿ ಸಾಕ್ತಾರಾ?’

ಮಾಂಸಕ್ಕೇ ಸಾಕುವ ತಳಿಗಳಿವೆ, ಆಂಗಸ್ ಅಂತ ಅಂದೆ. ಅಷ್ಟಕ್ಕೇ ಬಿಡಬಹುದಿತ್ತು, ಆದರೆ ಗೊತ್ತಿದ್ದದ್ದನ್ನು ಹೇಳಿಬಿಟ್ಟೆ. ‘ಹಾಲು ಕಮ್ಮಿ ಆದ ಡೇರಿ ಹಸುಗಳನ್ನೂ ಕಳಿಸ್ತಾರೆ ಅಪ್ಪಾ. ಅವುಗಳ ಮಾಂಸ ಹೆಚ್ಚಾಗಿ ಕೈಮಾಕ್ಕೇ ಬರೋದು. ಇಲ್ಲಿನ ಡೇರಿ ಹಸುವಿಗೆ ಐದಾರು ವರ್ಷ ಆಯಸ್ಸಾದರೆ ಹೆಚ್ಚು.’

ಹೇಳಿ ಅವರ ಮುಖ ನೋಡಿದೆ. ಬೆಚ್ಚಿಬೀಳಬಹುದು, ಮಿಲ್ಕ್‌ಶೇಕ್ ಪಕ್ಕಕ್ಕೆ ತಳ್ಳಬಹುದು ಅಂತಿತ್ತು. ಅವರು ಚಮಚದಿಂದ ತಳ ಕೆರೆಯುತ್ತಾ ಹೇಳಿದರು:

‘ನಾನು ಒಂದು ಆಯಸ್ಸು ಹಾಲು ಅಳೆದೋನು. ಎಚ್‌ಎಫ್ ಸೀಮೆಹಸ ಬಂದವಲ್ಲ ಊರಿಗೆ, ಲೋನು ಕೊಟ್ಟು ತರಿಸಿದ್ವು. ಬತ್ತಿದ ಮೇಲೆ ಯಾರ ಕೊಟ್ಟಿಗೇಲಿ ಎಷ್ಟು ದಿನ ಇದ್ವು ಹೇಳು? ಗಂಡುಕರ ಎಲ್ಲಿಗೋದ್ವು? ದಲ್ಲಾಳಿ ಸೋಮವಾರ ಬರೋನು, ಸಂತೆಗೆ ಅನ್ನೋನು. ನಾವೂ ಸಂತೆಗೆ ಅಂತಲೇ ಬರ್ಕಳ್ಳೋದು. ನಮಗೆ ಗೊತ್ತಿರ್ಲಿಲ್ಲ ಅಂತ ತಿಳ್ಕಂಡಿದೀಯಾ?’

ನಮ್ಮ ಮನೆಯ ಹಸು ಗೌರಿ ಸತ್ತಾಗ ತೋಟದಲ್ಲೇ ಗುಂಡಿ ತೆಗೆಸಿ, ಅರಿಶಿನ ಕುಂಕುಮ ಹಾಕಿ ಹೂಳಿದವರು ಇವರೇ. ಅದೂ ನಿಜ, ಇದೂ ನಿಜ. ಬನ್ನಿನ ನಡುವೆ ಇರೋದು ಅವರದು, ಲೋಟದಲ್ಲಿ ಇರೋದು ನಮ್ಮದು ಅಂತ ಇಷ್ಟ ಬಂದಂತೆ ಗೀಟು ಎಳೆದುಕೊಂಡು ಇಷ್ಟು ವರ್ಷ ನೆಮ್ಮದಿಯಾಗಿ ಮಿಲ್ಕ್‌ಶೇಕ್ ಕುಡಿದವನು ನಾನು. ಹಾಲಿನ ಲೆಕ್ಕ ಬರೆದವರಿಗೆ ಆ ಗೀಟು ಯಾವತ್ತೂ ಅಷ್ಟು ನೆಟ್ಟಗೆ ಕಂಡಿರಲಿಲ್ಲ. ಆದರೂ ಅವರು ಗೀಟು ದಾಟಲಿಲ್ಲ, ಮೊಮ್ಮಗಳನ್ನೂ ತಮ್ಮೆದುರಿಗೆ ದಾಟಲು ಬಿಡಲಿಲ್ಲ. ಇದನ್ನು ಕಪಟ ಅನ್ನುವವರಿದ್ದಾರೆ. ನಾನು ಅನ್ನಲಾರೆ. ಹಸುವಿನ ಕೆಚ್ಚಲು ತೊಳೆದು ಗೊತ್ತಿಲ್ಲದ ಕೈಗಳು ಅದನ್ನು ಅನ್ನುವುದು ಸುಲಭ.

ಮಗಳು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ‘ಹಾಗಾದ್ರೆ ಮಿಲ್ಕ್ ಕೂಡ ಬಿಡ್ಬೇಕಾ ತಾತ?’ ಅಂದಳು. ಅವಳ ಶಾಲೆಯಲ್ಲಿ ಹಾಲನ್ನೂ ಬಿಟ್ಟ ಮಕ್ಕಳಿದ್ದಾರೆ, ಓಟ್ಸ್ ಹಾಲು ಕುಡಿಯುತ್ತಾರೆ.

‘ಬಿಟ್ರೆ ಸಂಘದಲ್ಲಿ ಹಾಲು ಹಾಕೋ ಹೆಂಗಸರು ಏನ್ ಮಾಡ್ತಾರವ್ವ? ವಾರದ ಬಟವಾಡೆ ಬಂದ್ರೆ ಅವರ ಮನೆ ನಡೀಬೇಕು’ ಅಂದವರು ಅಲ್ಲಿಗೇ ಮಾತು ನಿಲ್ಲಿಸಿ, ‘ಇದರ ರೇಟೆಷ್ಟು?’ ಅಂದರು. ಆರು ಡಾಲರ್ ಚಿಲ್ಲರೆ ಅಂದೆ. ರೂಪಾಯಿಗೆ ತಿರುಗಿಸಿದರು. ಐನೂರು ದಾಟಿತು. ಲೀಟರಿಗೆ ಸರ್ಕಾರ ಐದು ರೂಪಾಯಿ ಪ್ರೋತ್ಸಾಹಧನ ಕೊಡಲು ತಿಂಗಳುಗಟ್ಟಲೆ ಕಾಯಿಸುತ್ತದೆ ಅನ್ನುವ ಹಳೇ ರಾಗ ಎಳೆಯುತ್ತಾರೆ ಅಂದುಕೊಂಡೆ. ಇಲ್ಲ. ‘ಫ್ಯಾಟು ಎಷ್ಟಿರಬಹುದು, ಕೇಳವ್ವ ಆ ಹುಡುಗನ್ನ.’

ಹುಡುಗ ಒಳ್ಳೆಯವನು. ಒಳಗೆ ಹೋಗಿ ಖಾಲಿಯಾದ ಐಸ್‌ಕ್ರೀಂ ಡಬ್ಬವನ್ನೇ ಎತ್ತಿಕೊಂಡು ಬಂದು ಕೌಂಟರಿನ ಮೇಲಿಟ್ಟ. ಅದರ ಮೇಲೆ ಶೇಕಡಾ ಲೆಕ್ಕ ಇರಲಿಲ್ಲ, ಮುಕ್ಕಾಲಿಗೆ ಸ್ವಲ್ಪ ಕಮ್ಮಿ ಕಪ್ಪಿಗೆ ಇಷ್ಟು ಗ್ರಾಂ ಕೊಬ್ಬು ಅಂತ ಮಾತ್ರ ಇತ್ತು. ಮಗಳು ಫೋನಿನಲ್ಲಿ ಭಾಗಿಸಿದಳು. ಹನ್ನೊಂದೂವರೆ ಬಂತು. ಇಲ್ಲಿನ ಕಾನೂನಿನಂತೆ ಐಸ್‌ಕ್ರೀಮಿಗೆ ಹತ್ತಾದರೂ ಇರಬೇಕು ಅಂತ ನಾನು ಹೇಳಿದೆ. ‘ನೀರು ಸೇರಿಸಿಲ್ಲ’ ಅಂತ ತೀರ್ಪಾಯಿತು. ಹುಡುಗನಿಗೆ ಕೈ ಎತ್ತಿ ನಮಸ್ಕಾರ ಮಾಡಿದರು; ಅವನೂ ಗಲಿಬಿಲಿಯಿಂದ ಕೈ ಎತ್ತಿದ.

ನಮಗೆ ಆಗ ಸಂಜೆ ಏಳೂವರೆ, ಊರಲ್ಲಿ ಬೆಳಗ್ಗೆ ಆರು. ಸಂಘದಲ್ಲಿ ಹಾಲು ಅಳೆಯುವ ಹೊತ್ತು. ಅಪ್ಪ ಡಬ್ಬದ ಫೋಟೋ ತೆಗೆಸಿ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿಸಿ, ಫೋನು ಬಾಯಿ ಹತ್ತಿರ ಹಿಡಿದು ಜೋರಾಗಿ ಹೇಳಿದರು: ‘ಹನ್ನೊಂದೂವರೆ ಫ್ಯಾಟು ಐತೆ. ರೇಟು ಎಷ್ಟು ಹಾಕ್ತೀರಪ್ಪಾ?’ ಪಕ್ಕದ ಸ್ಟೂಲಿನವರೆಲ್ಲ ತಿರುಗಿ ನೋಡಿದರು. ನಾನು ಬಿಲ್ಲು ಕೊಟ್ಟು ಬರುವಷ್ಟರಲ್ಲಿ ಈಗಿನ ಸೆಕ್ರೆಟರಿಯ ಉತ್ತರ ಬಂದಿತ್ತು. ಹಿಂದೆ ಕ್ಯಾನುಗಳ ಸದ್ದು.

‘ಹಸಿಂದಾ ಎಮ್ಮೇದಾ ಅಣ್ಣ?’

ಅಪ್ಪ ಕನ್ನಡಕ ಏರಿಸಿ ಡಬ್ಬ ತಿರುಗಿಸಿ ತಿರುಗಿಸಿ ನೋಡಿದರು. ‘ಅದನ್ನೇ ಬರ್ದಿಲ್ವಲ್ಲೋ ಇವರು’ ಅಂದರು.